ಸತ್ಯಾಂಶ: ನಕಲು ಮಾಡಿದರೆ ಸ್ವಂತ ಶೈಲಿ ಹಾಳಾಗುತ್ತಾ?

ಚಿತ್ರಕಲಾ ವಿದ್ಯಾರ್ಥಿಗಳ ಗುಂಪುಗಳಲ್ಲಿ ಒಂದು ಫಾರ್ವರ್ಡ್ ಓಡಾಡುತ್ತಿದೆ: 'ಬೇರೆಯವರ ಚಿತ್ರ ನಕಲು ಮಾಡಬೇಡಿ, ನಿಮ್ಮ ಶೈಲಿ ಸಾಯುತ್ತದೆ. ವ್ಯಾನ್ ಗೋ ಯಾರನ್ನೂ ನಕಲು ಮಾಡಲಿಲ್ಲ.'

ಇದು ತಪ್ಪು. ಡಚ್ ಚಿತ್ರಕಾರ ವ್ಯಾನ್ ಗೋ ಬೇಕಾದಷ್ಟು ನಕಲು ಮಾಡಿದ್ದಾರೆ. 1887ರಲ್ಲಿ, ಪ್ಯಾರಿಸ್‌ನಲ್ಲಿದ್ದಾಗ, ಜಪಾನಿನ ಕಲಾವಿದ ಹಿರೋಶಿಗೆಯ ಮಳೆ ಬೀಳುವ ಸೇತುವೆಯ ಮುದ್ರಣಚಿತ್ರವನ್ನು ಎಣ್ಣೆಬಣ್ಣದಲ್ಲಿ ಬರೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಿರೋಶಿಗೆಯ ನದಿ ನಯವಾಗಿ, ಚಪ್ಪಟೆಯಾಗಿದೆ. ವ್ಯಾನ್ ಗೋ ನದಿಯಲ್ಲಿ ಕುಂಚದ ದಪ್ಪ ಗೀಟುಗಳು ಎದ್ದು ಕಾಣುತ್ತವೆ. ಮುಂದೆ ಫ್ರಾನ್ಸಿನ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದಾಗ ಫ್ರೆಂಚ್ ಚಿತ್ರಕಾರ ಮಿಲೆಯ ಚಿತ್ರಗಳನ್ನು ನೋಡಿ ಬರೆದರು. ಎದುರಿಗಿದ್ದದ್ದು ಕಪ್ಪು-ಬಿಳುಪು ಪ್ರತಿಗಳು. ಹಾಗಾಗಿ ಬಣ್ಣವೆಲ್ಲ ಅವರದೇ!

ಅಂದ್ರೆ ನಕಲು ಅಚ್ಚೊತ್ತಿದ ಹಾಗೇ ಬರಲಿಲ್ಲ, ಕೈ ಮೂಲದಿಂದ ಎಲ್ಲಿ ಜಾರಿತೋ ಅಲ್ಲೇ ಶೈಲಿ ಕಾಣಿಸಿತು. (ನಕಲಿಗೆ ಸ್ವಂತ ಸಹಿ ಹಾಕಿ ಮಾರುವುದು ಬೇರೆ ವಿಷಯ, ಅದು ಮೋಸ.)

ಬೇರೆ ಕಲೆಯಿಂದ ಕಲಿತರೂ ಶೈಲಿ ಸಾಯುವುದಿಲ್ಲ. ನಮ್ಮ ಉಡುಪಿ ಕಡೆಯ ಚಿತ್ರಕಾರ ಕೆ.ಕೆ. ಹೆಬ್ಬಾರರಂತೂ ಲಯ ಹಿಡಿಯಲು ಕಥಕ್ ನೃತ್ಯವನ್ನೇ ಕಲಿತರು. ಅವರ ಗೆರೆಗಳನ್ನು ನೋಡಿದರೆ ಗೊತ್ತಾಗುತ್ತದೆ, ಅಲ್ವಾ?

ಕೊನೆಯ ವರ್ಷದಲ್ಲಿದ್ದು 'ನನಗಿನ್ನೂ ಶೈಲಿ ಬಂದಿಲ್ಲ' ಎಂದು ಸುಮ್ನೆ ಕೊರಗುವವರು ತಮ್ಮ ಹಳೆಯ ಇಪ್ಪತ್ತು ಚಿತ್ರಗಳನ್ನು ನೆಲದ ಮೇಲೆ ಹರಡಿ ನೋಡಲಿ. ಮತ್ತೆ ಮತ್ತೆ ಬಂದಿರುವ ಬಣ್ಣ, ಅಂಚು, ಖಾಲಿ ಜಾಗ ಯಾವುದು?