ಕಂಬಳಿ ಹೊದ್ದವನು ಎಷ್ಟು ದೂರದವರೆಗೆ ಕಾಣ್ತಾನೆ?

ಹೋದ ದೀಪಾವಳಿಗೆ ನಮ್ಮ ಭಾವ ಹೊಸ ಎಸ್‌ಯುವಿ ತಗೊಂಡರು. ಕಂಪನಿ ಹೆಸರು ಬೇಡ, ಕಾರಿನ ವಿಷಯಕ್ಕೆ ಬಂದರೆ ನಮ್ಮ ಜನ ಆಸ್ತಿ ಪಾಲಿಗಿಂತ ಜೋರಾಗಿ ಜಗಳ ಆಡ್ತಾರೆ. ಎಲ್‌ಇಡಿ ಹೆಡ್‌ಲೈಟ್, ಮೇಲೆ ಹುಬ್ಬಿನ ಹಾಗೆ ಒಂದು ಬಿಳಿ ಗೆರೆ. ಸೊಸೈಟಿ ಪಾರ್ಕಿಂಗಿನಲ್ಲಿ ಹಚ್ಚಿದಾಗ ಗೋಡೆಯೆಲ್ಲ ಹಗಲಾಯಿತು. ನನ್ನ ಹನ್ನೊಂದು ವರ್ಷದ ಹ್ಯಾಚ್‌ಬ್ಯಾಕ್ ಕಡೆ ನೋಡಿ, "ಇನ್ನೂ ಆ ಚಿಮಣಿ ದೀಪ ಇಟ್ಕೊಂಡು ಅಡ್ಡಾಡ್ತೀ ಏನು?" ಅಂದರು.

ಎರಡು ವಾರ ಬಿಟ್ಟು ಅದೇ ಗಾಡಿಯಲ್ಲಿ ಬೆಳಗಾವಿಗೆ ಹೊರಟೆವು. ಶುಕ್ರವಾರ ರಾತ್ರಿ, ಪುಣೆಯ ಅರ್ಧ ಕನ್ನಡಿಗರು ಊರಿಗೆ ಹೊರಡುವ ಹೊತ್ತು. ಕೊಲ್ಹಾಪುರ ಬಿಟ್ಟು ಕಾಗಲ್ ದಾಟಿದ್ದೆವು, ಸ್ಪೀಡು ಎಂಬತ್ತರ ಆಸುಪಾಸು, ಎದುರಿಂದ ಲಾರಿಗಳ ಸಾಲು ಅಂತ ಡಿಪ್ಪರಿನಲ್ಲೇ (ಬೆಳಕು ಕೆಳಗಿಳಿಸಿ) ಹೋಗ್ತಿದ್ದೆವು. ಇದ್ದಕ್ಕಿದ್ದ ಹಾಗೆ ಮುಂದೆ ಕಬ್ಬು. ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಹಿಂದೆ ಒಂದು ಕೆಂಪು ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ, ಕಬ್ಬಿನ ತುದಿ ಎರಡೂ ಕಡೆ ಚಾಚಿಕೊಂಡಿತ್ತು. ಭಾವ ಬ್ರೇಕ್ ಮೇಲೆ ನಿಂತೇಬಿಟ್ಟರು. ಹಿಂದಿನ ಸೀಟಿನಲ್ಲಿ ಅಕ್ಕನ ಕೈಯಲ್ಲಿದ್ದ ಚುರುಮುರಿ ಎಲ್ಲರ ತಲೆ ಮೇಲೆ. ಯಾರಿಗೂ ಏನೂ ಆಗಲಿಲ್ಲ. ಆದರೆ ನಿಪ್ಪಾಣಿ ಬರೋವರೆಗೂ ಯಾರೂ ಮಾತಾಡಲಿಲ್ಲ.

ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಇಷ್ಟು ಬೆಳಕಿದ್ದೂ ಅದು ಯಾಕೆ ಕಾಣಲಿಲ್ಲ?

ಪುಣೆಗೆ ವಾಪಸ್ ಬಂದ ಮೇಲೆ ಒಂದು ಭಾನುವಾರ ರಾತ್ರಿ ಮೂರು ಗಾಡಿ ತಗೊಂಡು ದಿವೇ ಘಾಟ್ ಹತ್ತಿ ಸಾಸವಡದ ಆಚೆ ಹೋದೆವು. ಭಾವನ ಎಸ್‌ಯುವಿ, ನನ್ನದು, ವಿಜಯಪುರದ ಗೆಳೆಯನೊಬ್ಬನ ಪ್ರೊಜೆಕ್ಟರ್ ಲೈಟಿನ ಸೆಡಾನ್. ಬೀದಿ ದೀಪ ಇಲ್ಲದ ಒಂದು ಸಮತಟ್ಟಾದ ಒಳದಾರಿ ಹುಡುಕಿದೆವು. ಅಕ್ಕನ ಮಗನಿಗೆ ಅಜ್ಜಿಯ ಕರಿ ಕಂಬಳಿ ಹೊದಿಸಿ, ಒಂದೊಂದು ಗಾಡಿಯ ಮುಂದೂ ನಡೆಯೋಕೆ ಹೇಳಿದೆವು. ಎಲ್ಲ ಡಿಪ್ಪರಿನಲ್ಲೇ. ಅಪ್ಪರ್ ಹಾಕಿದರೆ ಯಾವ ಗಾಡಿಯಾದರೂ ಚೆನ್ನಾಗೇ ಕಾಣುತ್ತೆ, ಆದರೆ ಹೈವೇಯಲ್ಲಿ ಅಪ್ಪರ್ ಹಾಕೋಕೆ ಸಿಗೋದೇ ಅಪರೂಪ. ಅವನು ಕಣ್ಣಿಗೆ ಮರೆಯಾದ ಕೂಡಲೇ "ನಿಲ್ಲೋ" ಅಂತ ಕೂಗೋದು, ಅವನು ಹೆಜ್ಜೆ ಎಣಿಸಿ ಹೇಳೋದು. ಟೇಪ್ ಹಿಡಿದು ನೋಡಿದರೆ ಅವನ ಹೆಜ್ಜೆ 70 ಸೆಂಟಿಮೀಟರ್.

ಎಸ್‌ಯುವಿ ಮುಂದೆ 50 ಹೆಜ್ಜೆಗೆ ಹುಡುಗ ಮಾಯ. ಅಂದರೆ 35 ಮೀಟರ್! ಸೆಡಾನಿಗೆ 52 ಹೆಜ್ಜೆ. ಪ್ರೊಜೆಕ್ಟರಿನ ಬೆಳಕು ಕತ್ತರಿಸಿದ ಹಾಗೆ ಒಂದು ಗೆರೆಗೆ ನಿಲ್ಲುತ್ತೆ, ಅದರ ಮೇಲೆ ಬರೀ ಕತ್ತಲೆ. ಆದರೆ ಎಡಗಡೆ ಆ ಗೆರೆ ಸ್ವಲ್ಪ ಮೇಲೇಳುತ್ತೆ. ಎದುರಿನವರ ಕಣ್ಣಿಗೆ ಹೊಡೆಯದೆ ರಸ್ತೆ ಅಂಚಿನಲ್ಲಿ ನಡೆಯೋರು, ಬೋರ್ಡು ಕಾಣಲಿ ಅಂತಲೇ ಹಾಗೆ ಮಾಡಿರ್ತಾರೆ. ಹುಡುಗನನ್ನು ಎಡ ಅಂಚಿಗೆ ಸರಿಸಿದರೆ ಇನ್ನೂ ಹತ್ತು ಹೆಜ್ಜೆ ಜಾಸ್ತಿ ಕಂಡ. ನನ್ನ ಚಿಮಣಿ ದೀಪಕ್ಕೆ? 64.

"ಮಾಮಾ, ಇನ್ನೂ ಮುಂದ ಹೋಗ್ಲೇನು?" ಅಂತ ಕತ್ತಲಿಂದ ಕೂಗಿದ. ಭಾವ ಮಾತಾಡಲಿಲ್ಲ.

ನನ್ನ ಗಾಡಿಯದು ಕಂಪನಿ ಕೊಟ್ಟ 60/55 ವಾಟಿನ ಎಚ್4 ಹ್ಯಾಲೊಜೆನ್ ಬಲ್ಬೇ, ವಿಶೇಷ ಏನಿಲ್ಲ. ಬಿಸಿಲಿಗೆ ಹಳದಿ ತಿರುಗಿದ್ದ ಗ್ಲಾಸು (ಗ್ಲಾಸು ಅಂತೀವಿ, ಅದು ಪ್ಲಾಸ್ಟಿಕ್ಕು) ಹೋದ ವರ್ಷ ಪಾಲಿಶ್ ಮಾಡಿಸಿದ್ದೆ, ಪುಣೆಯ ನಾನಾ ಪೇಟದಲ್ಲಿ ರಿಲೇ (ಬ್ಯಾಟರಿಯಿಂದ ನೇರ ಕರೆಂಟು ಬಿಡುವ ಸ್ವಿಚ್ಚು) ಇರುವ ದಪ್ಪ ವೈರಿಂಗ್ ಹಾಕಿಸಿದ್ದೆ. ಹ್ಯಾಲೊಜೆನ್‌ಗೆ ವೋಲ್ಟೇಜ್ 10% ಕಡಿಮೆ ಸಿಕ್ಕರೆ ಬೆಳಕು ಸುಮಾರು 30% ಇಳಿಯುತ್ತೆ. ಸಪೂರ ವೈರಿನಲ್ಲಿ, ತುಕ್ಕು ಹಿಡಿದ ಕನೆಕ್ಷನ್ನಿನಲ್ಲಿ ಹೋಗಿಬಿಡೋದು ಇದೇ. ಆದ್ದರಿಂದ ಇದನ್ನು ಪೂರ್ತಿ ಕಂಪನಿ ಲೈಟು ಅನ್ನೋಕಾಗಲ್ಲ, ಒಪ್ಪುತ್ತೇನೆ.

ಎಸ್‌ಯುವಿ ಕಥೆ ಅಷ್ಟಕ್ಕೇ ಮುಗಿಯಲಿಲ್ಲ. ಸ್ಟೇರಿಂಗ್ ಬಲಕ್ಕೆ ಕೆಳಗಡೆ ಒಂದು ಸಣ್ಣ ಚಕ್ರ ಇರುತ್ತಲ್ಲ, 0ಯಿಂದ 3ರವರೆಗೆ? ಗೆಳೆಯ ಟಾರ್ಚ್ ಬಿಟ್ಟು ನೋಡಿದ. ಅದು 3ರಲ್ಲಿ ಇತ್ತು. ಹಿಂದೆ ಭಾರ ಹೇರಿದಾಗ ಗಾಡಿ ಮೂಗು ಎತ್ತುತ್ತೆ, ಬೆಳಕು ಎದುರಿನವರ ಮುಖಕ್ಕೆ ಹೋಗುತ್ತೆ. ಅದನ್ನು ಕೆಳಗಿಳಿಸೋಕೆ ಇರುವ ಚಕ್ರ ಅದು. ಖಾಲಿ ಗಾಡಿಗೆ 0 ಇರಬೇಕು. ಡೆಲಿವರಿ ದಿನದಿಂದಲೂ ಹಾಗೇ ಇತ್ತೋ, ಯಾರಾದರೂ ಸುಮ್ನೆ ತಿರುವಿದ್ದರೋ, ದೇವರಿಗೇ ಗೊತ್ತು. 0ಗೆ ತಂದ ಮೇಲೆ ಹುಡುಗ 78 ಹೆಜ್ಜೆವರೆಗೂ ಕಂಡ. 55 ಮೀಟರ್.

ಅಷ್ಟು ದಿನ ಆ ಬೆಳಕೆಲ್ಲ ಬಾನೆಟ್ ಮುಂದೆ ಹಾಲು ಚೆಲ್ಲಿದ ಹಾಗೆ ಬೀಳ್ತಿತ್ತು. ನಾವು ಮೋಸ ಹೋಗಿದ್ದು ಅಲ್ಲೇ. ಹತ್ತಿರ ಬೆಳಕು ಜಾಸ್ತಿಯಾದಷ್ಟೂ ಕಣ್ಣಿನ ಪಾಪೆ ಕಿರಿದಾಗುತ್ತೆ, ದೂರದ ಕತ್ತಲೆ ಇನ್ನೂ ಕತ್ತಲೆಯಾಗುತ್ತೆ. ನೋಡೋನಿಗೆ ಮಾತ್ರ 'ಏನ್ ಬೆಳಕಪ್ಪಾ' ಅನಿಸುತ್ತೆ.

ಇನ್ನೊಂದು ಲೆಕ್ಕ. 80ರ ಸ್ಪೀಡಿನಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತೆ. ನೋಡಿ, ತಿಳಿದು, ಕಾಲು ಬ್ರೇಕಿಗೆ ಹೋಗೋಷ್ಟರಲ್ಲಿ ಒಂದೂವರೆ ಸೆಕೆಂಡ್ ಅಂದುಕೊಂಡರೆ 33 ಮೀಟರ್ ಮುಗೀತು. ಒಣ ರಸ್ತೆಯಲ್ಲಿ ನಿಲ್ಲೋಕೆ ಇನ್ನೂ ಸುಮಾರು 35. ಒಟ್ಟು 68. ಚಕ್ರ 0ಗೆ ತಂದ ಮೇಲೂ ಸಾಲಲಿಲ್ಲ, ಅಲ್ವಾ? ಕಾಗಲ್ ಹತ್ತಿರ ನಾವು ಉಳಿದದ್ದು ಟ್ರ್ಯಾಕ್ಟರೂ ಮುಂದಕ್ಕೆ ಚಲಿಸ್ತಿತ್ತು ಅನ್ನೋ ಒಂದೇ ಕಾರಣಕ್ಕೆ.

ದುಡ್ಡು ಕೊಟ್ಟರೆ ಒಳ್ಳೆ ಲೈಟು ಬಂದೇ ಬರುತ್ತೆ ಅನ್ನೋದೂ ಸುಳ್ಳು. ಅಮೆರಿಕದಲ್ಲಿ ವಿಮಾ ಕಂಪನಿಗಳು ನಡೆಸುವ ಐಐಎಚ್‌ಎಸ್ ಅನ್ನೋ ರಸ್ತೆ ಸುರಕ್ಷತಾ ಸಂಸ್ಥೆ 2016ರಲ್ಲಿ ಮೊದಲ ಸಲ ಹೆಡ್‌ಲೈಟಿಗೆ ರೇಟಿಂಗ್ ಕೊಟ್ಟಿತು. 31 ಮಧ್ಯಮ ಗಾತ್ರದ ಕಾರುಗಳಲ್ಲಿ 'ಉತ್ತಮ' ಅನಿಸಿಕೊಂಡದ್ದು ಒಂದೇ, ಟೊಯೋಟಾ ಪ್ರಿಯಸ್ ವಿ. ಅದೂ ಎಲ್‌ಇಡಿ ಇರುವ ವೇರಿಯಂಟ್ ಮಾತ್ರ. ಅದೇ ಕಾರು ಹ್ಯಾಲೊಜೆನ್ನಿನಲ್ಲಿ 'ಕಳಪೆ'. ನಮ್ಮಲ್ಲೂ ಇದೇ ಗೋಳು. ವಿಡಿಯೋದಲ್ಲಿ ಹೊಗಳೋದು ಟಾಪ್ ಮಾಡೆಲ್, ನಾವು ತರೋದು ನಡುವಿನದು. ಕಾರುಗಳ ಸುರಕ್ಷತೆ ಪರೀಕ್ಷಿಸುವ ಭಾರತ್ ಎನ್‌ಸಿಎಪಿ 2023ರಿಂದ ಸ್ಟಾರ್ ಕೊಡ್ತಾ ಇದೆ, ಆದರೆ ಡಿಪ್ಪರ್ ಎಷ್ಟು ದೂರ ಹೊಡೆಯುತ್ತೆ ಅನ್ನೋದು ಆ ಸ್ಟಾರಿನಲ್ಲಿ ಸೇರಿಲ್ಲ.

ಹಾಗಂತ ಹ್ಯಾಲೊಜೆನ್ ರಿಫ್ಲೆಕ್ಟರಿಗೆ (ಬಲ್ಬಿನ ಹಿಂದಿನ ಹೊಳೆಯೋ ಬಟ್ಟಲು) ಆನ್‌ಲೈನಿನ ಎಲ್‌ಇಡಿ ಬಲ್ಬ್ ತುರುಕೋರನ್ನು ಮಾತ್ರ ಕ್ಷಮಿಸೋಕಾಗಲ್ಲ. ಆ ರಿಫ್ಲೆಕ್ಟರ್ ಮಾಡಿರೋದು ಹ್ಯಾಲೊಜೆನ್ ಬಲ್ಬಿನೊಳಗಿನ ತಂತಿ ಇರುವ ಜಾಗದ ಲೆಕ್ಕಕ್ಕೆ. ಎಲ್‌ಇಡಿಯ ಚಿಪ್ ಅದೇ ಜಾಗಕ್ಕೆ ಕೂರದಿದ್ದರೆ ಬೆಳಕು ಚೆಲ್ಲಾಪಿಲ್ಲಿ, ರಸ್ತೆಗಿಂತ ಎದುರಿನವನ ಕಣ್ಣಿಗೇ ಜಾಸ್ತಿ.

ನಾನೂ ಈಗ ಗಾಡಿ ಬದಲಿಸೋ ಯೋಚನೆಯಲ್ಲಿದ್ದೇನೆ. ಒಂದು ಶೋರೂಮಿನಲ್ಲಿ ರಾತ್ರಿ ಎಂಟಕ್ಕೆ ಟೆಸ್ಟ್ ಡ್ರೈವ್ ಕೊಡ್ತೀರಾ ಅಂತ ಕೇಳಿದೆ. ಆ ಹುಡುಗ ನಕ್ಕ. "ಸರ್, ಏಳಕ್ಕೆ ಶಟರ್ ಎಳೀತೀವಿ." ಸನ್‌ರೂಫ್ ಮೂರು ಸಲ ತೆಗೆದು ತೋರಿಸಿದ್ದ, ಮಹಾರಾಯ. ಇನ್ನೊಂದು ಕಡೆ ಒಪ್ಪಿದ್ದಾರೆ, ಶನಿವಾರ ರಾತ್ರಿ ಹೋಗಬೇಕು. ಕಂಬಳಿ ಒಗೆಸಿ ಇಟ್ಟಿದ್ದೇನೆ.

ಭಾವನ ಗಾಡಿಯ ಆ ಚಕ್ರದ ಪಕ್ಕ, ಸರಿಯಾಗಿ 0 ಬರುವ ಕಡೆ, ಅಕ್ಕ ಒಂದು ಕೆಂಪು ಟಿಕಳಿ ಅಂಟಿಸಿದ್ದಾಳೆ. ಊರಿಂದ ಜೋಳದ ಚೀಲ ಹೇರಿಕೊಂಡು ಬರುವಾಗ ಮಾತ್ರ ಅದನ್ನು 2ಕ್ಕೆ ತಿರುಗಿಸೋದು ಅವಳೇ.