ಸ್ಟೀಲ್ ಬಾಟಲಿ ಕೊಳ್ಳುವಾಗ ಮೊದಲು ಮುಚ್ಚಳ ನೋಡಿ

ಜೂನ್‌ನಲ್ಲಿ ಮಕ್ಕಳ ಶಾಲೆ ಶುರುವಾಗುವಾಗ ಒಮ್ಮೆ, ಮಳೆ ನಿಂತು ಚಾರಣದ ಕಾಲ ಬಂದಾಗ ಇನ್ನೊಮ್ಮೆ ಗೆಳೆಯರು ತಪ್ಪದೆ ಕೇಳುವ ಪ್ರಶ್ನೆ ಇದು: “ಒಂದೊಳ್ಳೆ ಸ್ಟೀಲ್ ಬಾಟ್ಲಿ ಹೇಳಿ, ಯಾವುದು ತಗೊಳ್ಳೋದು?” ಅವರಿಗೆ ಬೇಕಾಗಿರುವುದು ಒಂದು ಕಂಪನಿಯ ಹೆಸರು. ನಾನು ತಿರುಗಿ ಕೇಳುವುದು ಇಷ್ಟೇ: ಅದರ ಮುಚ್ಚಳದ ವಾಷರ್ ಹಾಳಾದರೆ ಬೇರೆ ವಾಷರ್ ಸಿಗುತ್ತದಾ?

ಎಷ್ಟು ಗಂಟೆ ತಣ್ಣಗಿರುತ್ತದೆ, ಯಾವ ಬಣ್ಣ, ಎಷ್ಟು ರಿಯಾಯಿತಿ ಎಂದೆಲ್ಲ ವಿಚಾರಿಸುವವರು ಇದೊಂದನ್ನು ಕೇಳುವುದೇ ಇಲ್ಲ. ನನ್ನ ಮಟ್ಟಿಗೆ ಲೋಹದ ಬಾಟಲಿಯ ಆಯ್ಕೆ ನಿಂತಿರುವುದೇ ಇದರ ಮೇಲೆ. ಸ್ಟೀಲಿನ ಮೈಗೆ ಸುಲಭಕ್ಕೆ ಏನೂ ಆಗುವುದಿಲ್ಲ. ಬಿದ್ದು ನೆಗ್ಗಿದರೂ ನೀರು ಹಿಡಿಯುತ್ತದೆ. ಅಜ್ಜಿಯ ಕಾಲದ ತಂಬಿಗೆ ಇವತ್ತಿಗೂ ದೇವರ ಮನೆಯಲ್ಲಿ ಕೆಲಸ ಮಾಡುತ್ತಿದೆಯಲ್ಲ, ಹಾಗೆ. ಕೈಕೊಡುವುದು ಮುಚ್ಚಳ. ಪ್ಲಾಸ್ಟಿಕ್ಕಿನ ತಿರುಪು ಸವೆಯುತ್ತದೆ, ಒತ್ತಿದರೆ ತೆರೆಯುವ ಗುಂಡಿಯ ಸ್ಪ್ರಿಂಗ್ ಮುರಿಯುತ್ತದೆ, ವಾಷರ್ ಸಡಿಲಾಗಿ ಬ್ಯಾಗಿನೊಳಗೆ ನೀರು ಜಿನುಗುತ್ತದೆ. ಆಮೇಲೆ ಎಂಟುನೂರು, ಸಾವಿರ ರೂಪಾಯಿ ಕೊಟ್ಟ ಬಾಟಲಿ ಅಟ್ಟ ಸೇರುತ್ತದೆ, ಮನೆಗೆ ಹೊಸದೊಂದು ಬರುತ್ತದೆ. ಎಷ್ಟು ಮನೆಗಳ ಅಟ್ಟದಲ್ಲಿ ಮೈ ಗಟ್ಟಿಯಿರುವ, ಮುಚ್ಚಳ ಇಲ್ಲದ ಬಾಟಲಿಗಳು ಮಲಗಿವೆ ಎಂದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಯಾಕೆಂದರೆ ಪ್ಲಾಸ್ಟಿಕ್ ಬಿಟ್ಟು ಲೋಹಕ್ಕೆ ಬಂದದ್ದೇ ಕಸ ಕಡಿಮೆಯಾಗಲಿ ಎಂದು. ಅದಿರು ಅಗೆದು, ಕುಲುಮೆಯಲ್ಲಿ ಕರಗಿಸಿ, ತಗಡು ಮಾಡಿ, ಬಾಟಲಿಯಾಗಿಸಲು ತಗಲುವ ಶಕ್ತಿ ಒಂದು ತೆಳು ಪ್ಲಾಸ್ಟಿಕ್ ಬಾಟಲಿಗೆ ಬೇಕಾಗುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ವರ್ಷಗಟ್ಟಲೆ ಬಳಸಿದರೆ ಮಾತ್ರ ಆ ಲೆಕ್ಕ ಸರಿಹೋಗುತ್ತದೆ. ವರ್ಷಕ್ಕೊಂದು ಸ್ಟೀಲ್ ಬಾಟಲಿ ಬದಲಿಸುವ ಮನೆ ಪರಿಸರಕ್ಕೆ ಉಪಕಾರ ಮಾಡುತ್ತಿದೆ ಎಂದು ನಾನು ಒಪ್ಪುವುದಿಲ್ಲ.

ಇದನ್ನು ಓದುತ್ತಿರುವವರು ತಮ್ಮ ಬಾಟಲಿಯ ಮುಚ್ಚಳವನ್ನು ಒಮ್ಮೆ ಬಿಚ್ಚಿ ನೋಡಿ. ಒಳಗಿರುವ ವಾಷರನ್ನು, ಅಂದರೆ ಸಿಲಿಕೋನ್ ಉಂಗುರವನ್ನು, ಚಮಚದ ಹಿಂಬದಿಯಿಂದ ಮೆಲ್ಲಗೆ ಎಬ್ಬಿಸಿ. ಬಹಳ ದಿನದಿಂದ ತೆಗೆಯದಿದ್ದರೆ ಅದು ಕೂತಿದ್ದ ಸಂದಿನಲ್ಲಿ ಸುತ್ತಲೂ ಕಪ್ಪಗೆ ಬೂಷ್ಟು ಕಟ್ಟಿರುತ್ತದೆ, ಬೆರಳಿಗೆ ಲೋಳೆ ಅಂಟುತ್ತದೆ, ಮೂಗಿನ ಹತ್ತಿರ ತಂದರೆ ಮುಗ್ಗಲು ವಾಸನೆ. ಬಾಟಲಿಯ ಒಳಮೈ ಥಳಥಳ ಹೊಳೆಯುತ್ತಿದ್ದರೂ ನಾವು ದಿನಾ ಕುಡಿಯುವ ನೀರು ಈ ಉಂಗುರವನ್ನು ದಾಟಿಯೇ ಬಾಯಿಗೆ ಬರುವುದು. “ಸ್ಟೀಲ್ ಬಾಟ್ಲಿ ನೀರು ಒಂಥರಾ ವಾಸನೆ” ಎನ್ನುವವರಲ್ಲಿ ಹೆಚ್ಚಿನವರ ಸಮಸ್ಯೆ ಸ್ಟೀಲಿನದಲ್ಲ, ಈ ಸಂದಿನದು. ವಾರಕ್ಕೊಮ್ಮೆ ಉಂಗುರ ತೆಗೆದು, ಬಿಸಿನೀರಲ್ಲಿ ಸೋಪು ಹಾಕಿ ತಿಕ್ಕಿ, ಪೂರ್ತಿ ಒಣಗಿಸಿ ಹಾಕಿದರೆ ಸಾಕು. ಆದ್ದರಿಂದ ಕೊಳ್ಳುವಾಗಲೇ ಅಂಗಡಿಯವರ ಎದುರು ವಾಷರ್ ಬಿಚ್ಚಿ ನೋಡಬೇಕು. ಬಿಚ್ಚಲು ಬಾರದ ಮುಚ್ಚಳವಿದ್ದರೆ ಅಲ್ಲೇ ಬಿಟ್ಟು ಬನ್ನಿ. ಸ್ಟ್ರಾ, ಗುಂಡಿ, ಚಿಮ್ಮುವ ಮೂತಿ ಹೆಚ್ಚಿದಷ್ಟೂ ತೊಳೆಯಲಾಗದ ಸಂದುಗಳೂ ಹೆಚ್ಚುತ್ತವೆ. ಪುಟ್ಟ ಮಕ್ಕಳಿಗೆ ಸ್ಟ್ರಾ ಬೇಕೇ ಬೇಕೆಂದಾದರೆ ಸಣ್ಣ ಬ್ರಷ್ ಜೊತೆಗೇ ಕೊಡುವಂಥದ್ದನ್ನು ತೆಗೆದುಕೊಳ್ಳಿ. ದೊಡ್ಡವರಿಗೆ ತಿರುಪಿನ ಸಾದಾ ಮುಚ್ಚಳಕ್ಕಿಂತ ಒಳ್ಳೆಯದು ಇನ್ನೂ ಬಂದಿಲ್ಲ.

ಮುಚ್ಚಳದ ನಂತರ ಬಾಯಿ. ಕೈ ಇಳಿಯದಿದ್ದರೂ ಬಾಟಲಿ ತಿಕ್ಕುವ ಬ್ರಷ್ ಆರಾಮಾಗಿ ಇಳಿದು ತಳದ ಮೂಲೆ ಮುಟ್ಟಬೇಕು. ಕೋಲಾರ, ಬೆಂಗಳೂರಿನ ಬೋರ್‌ವೆಲ್ ನೀರು ಕುಡಿಯುವವರಿಗೆ ಇದು ಚೆನ್ನಾಗಿ ಗೊತ್ತು. ಗಡಸು ನೀರು ದಿನಾ ತುಂಬಿದರೆ ತಳದಲ್ಲಿ ಬಿಳಿ ಪೊರೆ ಕೂರುತ್ತದೆ. ಅದು ಸುಣ್ಣದ ಅಂಶ, ಹೆದರಬೇಕಾದ್ದೇನಿಲ್ಲ. ನಿಂಬೆರಸವನ್ನೋ ವಿನಿಗರ್ ಅನ್ನೋ ನೀರಿಗೆ ಬೆರೆಸಿ ಸ್ವಲ್ಪ ಹೊತ್ತು ಬಿಟ್ಟು ತಿಕ್ಕಿದರೆ ಬಿಡುತ್ತದೆ. ಆದರೆ ಬ್ರಷ್ ಇಳಿಯದ ಕಿರುಬಾಯಿಯ ಬಾಟಲಿಯಲ್ಲಿ ತಿಕ್ಕುವುದೆಲ್ಲಿ? ಬಾಯಿ ತೀರಾ ಅಗಲವಾದರೂ ಕಷ್ಟ, ಬಸ್ಸಲ್ಲಿ ಕುಡಿಯುವಾಗ ಒಂದು ಹಳ್ಳ ಸಿಕ್ಕರೆ ಅಂಗಿಯೆಲ್ಲ ಒದ್ದೆ. ಮಧ್ಯಮ ಬಾಯಿಯೇ ಸರಿ. ಬ್ಲೀಚಿಂಗ್ ದ್ರಾವಣ ಮಾತ್ರ ಹಾಕಬೇಡಿ, ಅದರ ಕ್ಲೋರಿನ್ ಸ್ಟೀಲಿನ ಮೇಲೆ ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಸುತ್ತದೆ.

ಇನ್ನು ಸ್ಟೀಲು. ಪಾತ್ರೆ ಅಂಗಡಿಗೆ ಮ್ಯಾಗ್ನೆಟ್ ಜೇಬಲ್ಲಿಟ್ಟುಕೊಂಡು ಹೋಗುವವರನ್ನು ನೋಡಿದ್ದೇನೆ. “ಅಂಟಲಿಲ್ಲ, ಹಾಗಾಗಿ 304” ಎಂದು ಖುಷಿಯಿಂದ ಬರುತ್ತಾರೆ. ಈ ಪರೀಕ್ಷೆಯನ್ನು ನಂಬಬೇಡಿ. 304 ಎಂದರೆ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕಲ್ ಇರುವ ಸ್ಟೀಲು, ಬಾಟಲಿಯ ಮೇಲೆ 18/8 ಎಂದು ಬರೆದಿರುವುದು ಇದನ್ನೇ. ನಿಕಲ್ ದುಬಾರಿ. ಅದಕ್ಕಾಗಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹೆಚ್ಚಿಸಿದ 200 ಸರಣಿಯ ಸ್ಟೀಲು ಬಂತು. 201, 202 ಎನ್ನುವುದು, ಪಾತ್ರೆ ಅಂಗಡಿಗಳಲ್ಲಿ ಜೆ4 ಎನ್ನುವುದು ಇದೇ ಬಳಗ. ಇದಕ್ಕೂ ಮ್ಯಾಗ್ನೆಟ್ ಅಂಟುವುದಿಲ್ಲ! ಇನ್ನೊಂದು ಕಡೆ, ಅಪ್ಪಟ 304 ತಗಡನ್ನೇ ಒತ್ತಿ ಎಳೆದು ಬಾಟಲಿಯ ಆಕಾರ ಕೊಡುವಾಗ ಕತ್ತು, ತಳದ ಕಡೆ ಅದಕ್ಕೆ ಅಲ್ಪಸ್ವಲ್ಪ ಅಯಸ್ಕಾಂತದ ಗುಣ ಬಂದುಬಿಡುತ್ತದೆ. ಅಂದರೆ ಮ್ಯಾಗ್ನೆಟ್ ನಂಬಿ ಕಳಪೆಯದನ್ನು ತಂದು ಒಳ್ಳೆಯದನ್ನು ಬಿಟ್ಟು ಬರುವ ಸಾಧ್ಯತೆಯೂ ಇದೆ. 200 ಸರಣಿಯದು ತುಕ್ಕನ್ನು ತಡೆಯುವುದರಲ್ಲಿ 304ಕ್ಕಿಂತ ಹಿಂದೆ. ಉಪ್ಪು ಗಾಳಿಯ ಕರಾವಳಿಯಲ್ಲಿ, ಉಪ್ಪು ಹಾಕಿದ ನಿಂಬೆ ಶರಬತ್ತು ತುಂಬುವವರ ಕೈಯಲ್ಲಿ ಆ ವ್ಯತ್ಯಾಸ ಬೇಗ ಕಾಣುತ್ತದೆ.

ಹಾಗಾದರೆ ಏನನ್ನು ನೋಡಬೇಕು? ಐಎಸ್‌ಐ ಗುರುತನ್ನು. ಕುಡಿಯುವ ನೀರಿನ ಬಾಟಲಿಗಳಿಗೆ, ಫ್ಲಾಸ್ಕ್‌ಗಳಿಗೆ ಕೇಂದ್ರ ಸರ್ಕಾರ 2023ರಲ್ಲಿ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿದೆ. ಗುರುತಿನ ಮೇಲಿರುವ ಸಂಖ್ಯೆ ಐಎಸ್ 17803 ಆದರೆ ತಾಮ್ರ, ಸ್ಟೀಲ್, ಅಲ್ಯೂಮಿನಿಯಂನ ಸಾದಾ ಬಾಟಲಿ. ಐಎಸ್ 17526 ಆದರೆ ಎರಡು ಗೋಡೆಯ ನಡುವೆ ನಿರ್ವಾತವಿರುವ, ಅಂದರೆ ಗಾಳಿ ತೆಗೆದಿರುವ, ಸ್ಟೀಲ್ ಫ್ಲಾಸ್ಕ್. “ಫುಡ್ ಗ್ರೇಡ್” ಎಂಬ ಎರಡು ಪದಗಳನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಗುರುತಿನ ಕೆಳಗಿನ ಲೈಸೆನ್ಸ್ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ‘ಬಿಐಎಸ್ ಕೇರ್’ ಆಪ್‌ನಲ್ಲಿ ಹಾಕಿ ನೋಡಿದರೆ ತಯಾರಕರ ವಿವರ ಸಿಗುತ್ತದೆ. ಅಂಗಡಿಯಲ್ಲೇ ನಿಂತು ಮಾಡುವಷ್ಟು ಸುಲಭ.

ಈಗ ಎಲ್ಲರಿಗೂ ಮೋಹ ಹುಟ್ಟಿಸಿರುವ ಎರಡು ಗೋಡೆಯ ಬಾಟಲಿಗೆ ಬರುತ್ತೇನೆ. ತತ್ತ್ವ ಹಳೆಯದು. 1892ರಲ್ಲಿ ಸ್ಕಾಟ್ಲೆಂಡಿನ ವಿಜ್ಞಾನಿ ಜೇಮ್ಸ್ ಡ್ಯೂವರ್ ತಣ್ಣನೆಯ ದ್ರವಗಳನ್ನು ಕಾಪಾಡಲು ಎರಡು ಗೋಡೆಯ ನಡುವಿನ ಗಾಳಿ ತೆಗೆದ ಪಾತ್ರೆ ಮಾಡಿದರು. ನಡುವೆ ಗಾಳಿಯೇ ಇಲ್ಲದಿದ್ದರೆ ಶಾಖ ಸಾಗುವ ದಾರಿ ಬಹುಪಾಲು ಬಂದ್. ಉಳಿಯುವ ದಾರಿ ಕತ್ತು ಮತ್ತು ಮುಚ್ಚಳ. ನೋಡಿ, ಇಲ್ಲೂ ಮತ್ತೆ ಮುಚ್ಚಳವೇ! “24 ಗಂಟೆ ತಣ್ಣಗೆ” ಎಂದು ಬರೆದಿದ್ದರೂ ತೆಳು ಮುಚ್ಚಳದ ಫ್ಲಾಸ್ಕ್ ಆ ಮಾತು ಉಳಿಸಿಕೊಳ್ಳುವುದಿಲ್ಲ. ಅಂಗಡಿಯಿಂದ ತಂದ ದಿನವೇ ಕುದಿಯುವ ನೀರು ತುಂಬಿ, ಮುಚ್ಚಿ, ಹತ್ತು ನಿಮಿಷ ಬಿಟ್ಟು ಹೊರಮೈ ಮುಟ್ಟಿ ನೋಡಿ. ಕತ್ತಿನ ಬಳಿ ಚೂರು ಬೆಚ್ಚಗಿದ್ದರೆ ಸರಿ. ಮೈಯೇ ಬೆಚ್ಚಗಾಗಿದ್ದರೆ ಒಳಗೆ ಗಾಳಿ ಸೇರಿದೆ ಎಂದರ್ಥ, ಬಿಲ್ ಹಿಡಿದು ವಾಪಸ್ ಕೊಡಿ. ಕೆಲವು ಫ್ಲಾಸ್ಕ್‌ಗಳ ತಳದಲ್ಲಿ ನಿರ್ವಾತವನ್ನು ಮುಚ್ಚಲು ಸೀಸ ಬೆರೆತ ಬೆಸುಗೆ ಬಳಸುತ್ತಾರೆ. 2024ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಕಂಪನಿಯ ಲೋಟಗಳ ಬಗ್ಗೆ ಗದ್ದಲವಾದದ್ದು ಇದಕ್ಕೇ. ತಳದ ಮುಚ್ಚಿಕೆ ಗಟ್ಟಿಯಾಗಿರುವವರೆಗೆ ಅದು ನೀರಿಗೂ ತಾಗುವುದಿಲ್ಲ, ಕೈಗೂ ತಾಗುವುದಿಲ್ಲ. ತಳದ ಬಿಲ್ಲೆ ಕಿತ್ತು ಬಂದ ಫ್ಲಾಸ್ಕನ್ನು ಮಾತ್ರ ಮಕ್ಕಳಿಗೆ ಕೊಡಬೇಡಿ.

ಬಾಣಂತಿಗೆ, ವಯಸ್ಸಾದವರಿಗೆ, ರಾತ್ರಿ ಪಾಳಿಯವರಿಗೆ ಬಿಸಿನೀರು ಬೇಕು, ಅವರಿಗೆ ಫ್ಲಾಸ್ಕ್ ಇರಲಿ. ಬಿಸಿಲಲ್ಲಿ ಆಟೊ ಓಡಿಸುವವರಿಗೂ ಇರಲಿ. ಆದರೆ ಚಾರಣಕ್ಕೆ ಬೇಡ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ, ನಮ್ಮ ಪಶ್ಚಿಮಘಟ್ಟದ ಮಟ್ಟಿಗಂತೂ. ಕುಮಾರಪರ್ವತವನ್ನೇ ತೆಗೆದುಕೊಳ್ಳಿ. ಸುಬ್ರಹ್ಮಣ್ಯದಿಂದ ಹೊರಟರೆ ಕಾಡಿನ ಏರು ಮುಗಿದು ಭಟ್ಟರ ಮನೆ ಸಿಗುತ್ತದೆ. ಅಲ್ಲಿ ನೀರು ತುಂಬಿಕೊಳ್ಳಬೇಕು. ಆಮೇಲೆ ಬೋಳು ಹುಲ್ಲುಗಾವಲು, ನೆತ್ತಿಯ ಮೇಲೆ ಬಿಸಿಲು, ನೆರಳೆಂಬುದಿಲ್ಲ. ಕಲ್ಲುಮಂಟಪದ ತೊರೆ ಸಿಕ್ಕಿತೆಂದರೆ ಪುಣ್ಯ, ಅದಾದ ಮೇಲೆ 1,712 ಮೀಟರಿನ ತುದಿಯವರೆಗೆ ಬೆನ್ನ ಮೇಲಿರುವುದಷ್ಟೇ ನೀರು. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಎರಡು ಲೀಟರ್ ಹೊರಲೇಬೇಕಾದ ಕಡೆ ಎರಡು ಫ್ಲಾಸ್ಕ್ ಒಯ್ದರೆ ಖಾಲಿ ಲೋಹವೇ ಇನ್ನೊಂದು ಕಿಲೋ ಹತ್ತಿರ ಆಗುತ್ತದೆ. ಒಂದು ಗೋಡೆಯ ಸ್ಟೀಲ್ ಬಾಟಲಿ ಅದರ ಅರ್ಧ ತೂಕವೂ ಇರುವುದಿಲ್ಲ, ಅಷ್ಟೇ ಜಾಗದಲ್ಲಿ ಹೆಚ್ಚು ನೀರು ಹಿಡಿಯುತ್ತದೆ. ಸ್ವಲ್ಪ ಬೆಚ್ಚಗಾದ ನೀರೂ ದಾಹ ತೀರಿಸುತ್ತದೆ. ಒದ್ದೆ ಬಟ್ಟೆ ಸುತ್ತಿ ಗಾಳಿಗೆ ತೂಗುಬಿಟ್ಟರೆ ಎಷ್ಟೋ ತಂಪು.

ಹಿಮಾಲಯದ ಕಡೆ ಹೋಗುವವರ ವಿಷಯ ಬೇರೆ. ಅಲ್ಲಿ ರಾತ್ರಿ ನೀರು ಹೆಪ್ಪುಗಟ್ಟುತ್ತದೆ, ಒಂದು ಫ್ಲಾಸ್ಕ್ ಬೇಕು. ಸಾದಾ ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿದರೆ ಮಂಜುಗಡ್ಡೆ ಮೊದಲು ತಳದ ಕಡೆ ಕಟ್ಟುತ್ತದೆ, ಬೆಳಗ್ಗೆ ಮುಚ್ಚಳ ತೆರೆಯುತ್ತದೆ. ಅದೇ ಬಾಟಲಿಗೆ ಮಲಗುವಾಗ ಬಿಸಿನೀರು ತುಂಬಿ ಕಾಲುಚೀಲದೊಳಗೆ ಇಳಿಸಿ ಸ್ಲೀಪಿಂಗ್ ಬ್ಯಾಗಿನಲ್ಲಿ ಕಾಲ ಬಳಿ ಇಟ್ಟುಕೊಂಡರೆ ಒಳ್ಳೆಯ ಕಾವು. ಫ್ಲಾಸ್ಕ್‌ನಿಂದ ಈ ಕೆಲಸ ಆಗುವುದಿಲ್ಲ, ಅದು ಕಾವನ್ನು ಹೊರಗೇ ಬಿಡುವುದಿಲ್ಲವಲ್ಲ.

ತಾಮ್ರದ ಬಾಟಲಿಯ ಬಗ್ಗೆ ಮಾತಾಡಿದರೆ ಹಲವರಿಗೆ ಬೇಸರವಾಗುತ್ತದೆ, ಆದರೂ ಹೇಳುತ್ತೇನೆ. ತಾಮ್ರದ ಗುಣ ಕಟ್ಟುಕತೆಯಲ್ಲ. ಬೆಂಗಳೂರಿನ ಆಯುರ್ವೇದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭೇದಿ ತರುವ ಬ್ಯಾಕ್ಟೀರಿಯಾಗಳನ್ನು ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟಾಗ ಅವು ಸತ್ತಿದ್ದವು. ನೀರಿಗಿಳಿದ ತಾಮ್ರವೂ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ ಬಹಳ ಕೆಳಗಿತ್ತು. ಗಮನಿಸಬೇಕಾದ್ದು ಆ 16 ಗಂಟೆ. ಹಳ್ಳದ ನೀರನ್ನು ತಾಮ್ರದ ಬಾಟಲಿಗೆ ತುಂಬಿ ಅರ್ಧ ಗಂಟೆಯಲ್ಲಿ ಕುಡಿದರೆ ಅದರಿಂದ ಯಾವ ಶುದ್ಧಿಯೂ ಇಲ್ಲ. ನಿಂಬೆ ಶರಬತ್ತು, ಮಜ್ಜಿಗೆ ಹಾಕಿದರೆ ಹುಳಿಗೆ ತಾಮ್ರ ಕರಗಿ ಹೊಟ್ಟೆ ತೊಳೆಸುತ್ತದೆ. ಕಿಲುಬು ಬಾರದಂತೆ ಹುಣಸೆಹಣ್ಣು ಉಪ್ಪು ಹಾಕಿ ಆಗಾಗ ತಿಕ್ಕಬೇಕು, ಕಿರುಬಾಯಿಯ ಬಾಟಲಿಯೊಳಗೆ ಅದನ್ನು ಮಾಡುವುದು ಹೇಗೆ? ಒಳಗೆ ಕೈಯಾಡಿಸಿ ಬೆಳಗಬಹುದಾದ ತಾಮ್ರದ ಬಿಂದಿಗೆ ಮನೆಯಲ್ಲಿರಲಿ, ಹಿಂದಿನ ದಿನವೇ ಅದರಲ್ಲಿಟ್ಟ ನೀರನ್ನು ಬೆಳಗ್ಗೆ ಸ್ಟೀಲ್ ಬಾಟಲಿಗೆ ಬಗ್ಗಿಸಿಕೊಂಡು ಹೊರಡಿ. ಹೊರಗಡೆ ಲ್ಯಾಕರ್ ಬಳಿದು ಹೂವು ಬಳ್ಳಿ ಬರೆದ ಬಾಟಲಿಗಳು ಉಡುಗೊರೆಗೆ ಚೆಂದ.

ಅಲ್ಯೂಮಿನಿಯಂ ಹಗುರ, ಆದರೆ ಒಳಗಿನ ಲೇಪವೇ ಅದರ ಜೀವ. ಲೇಪ ಕಿತ್ತಿತೋ, ಎಸೆಯುವುದೇ. ನನಗೆ ಅದು ಬೇಡ.

ಸ್ಟೀಲೇ ಆದರೂ ಮಜ್ಜಿಗೆ ತುಂಬಿ ಬಿಗಿಯಾಗಿ ಮುಚ್ಚಿ ಮಧ್ಯಾಹ್ನದವರೆಗೆ ಬ್ಯಾಗಿನಲ್ಲಿ ಬಿಡಬೇಡಿ. ಹುಳಿ ಬರುತ್ತಾ ಗಾಳಿ ಕಟ್ಟಿ, ತೆರೆಯುವಾಗ ಮುಚ್ಚಳ ಚಿಮ್ಮುತ್ತದೆ. ಸೋಡಾ ಪಾನೀಯಗಳಿಗೂ ಇದೇ ಮಾತು. ಹಾಲನ್ನಂತೂ ಫ್ಲಾಸ್ಕಿನಲ್ಲಿ ದಿನವಿಡೀ ಇಡಬಾರದು, ಹದವಾದ ಆ ಬಿಸಿಯಲ್ಲಿ ಅದು ಕೆಡುವುದು ಬಲು ಬೇಗ.

ಒಟ್ಟಿನಲ್ಲಿ ಒಬ್ಬರಿಗೆ ಒಂದೇ ಬಾಟಲಿ ಕೊಳ್ಳುವುದಾದರೆ ನನ್ನ ಆಯ್ಕೆ ಇದು: ಒಂದು ಗೋಡೆಯ, 304 ಸ್ಟೀಲಿನ, ಮುಕ್ಕಾಲು ಅಥವಾ ಒಂದು ಲೀಟರಿನ, ಬ್ರಷ್ ಇಳಿಯುವ ಬಾಯಿಯ, ತಿರುಪು ಮುಚ್ಚಳದ, ಬಣ್ಣ ಬಳಿಯದ ಬಾಟಲಿ. ಕಚೇರಿಗೂ ಅದೇ, ಕೊಡಚಾದ್ರಿಗೂ ಅದೇ. ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಬ್ಯಾಗ್ ಬಿಚ್ಚಿಸಿ ಪ್ಲಾಸ್ಟಿಕ್ ಎಣಿಸುವಾಗ ನೀವು ತಲೆ ಎತ್ತಿ ನಿಲ್ಲಬಹುದು. ದಾರಿಬದಿಯ ಲಂಟಾನ ಪೊದೆಗಳಲ್ಲಿ ಸಿಕ್ಕಿಕೊಂಡ ಪ್ಲಾಸ್ಟಿಕ್ ಬಾಟಲಿಗಳನ್ನು ಹೆಕ್ಕುತ್ತಾ ಇಳಿದವರಿಗೆ ಇದು ಎಷ್ಟು ಮುಖ್ಯ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಬಾಟಲಿ ಮಾರುವ ಕಂಪನಿಗಳಿಗೂ ಪಾತ್ರೆ ಅಂಗಡಿಯವರಿಗೂ ನನ್ನದೊಂದು ಬೇಡಿಕೆಯಿದೆ. ಕುಕ್ಕರಿನ ಗ್ಯಾಸ್ಕೆಟ್ಟು, ವಿಷಲ್ಲು, ಹಿಡಿ ನಮ್ಮ ಎಲ್ಲ ಊರುಗಳ ಪೇಟೆ ಬೀದಿಯಲ್ಲೂ ಸಿಗುತ್ತವೆ. ಅದರಿಂದಲೇ ಒಂದು ಕುಕ್ಕರ್ ಇಪ್ಪತ್ತು ವರ್ಷ ಬಾಳುತ್ತದೆ. ಬಾಟಲಿಗೂ ಹೀಗೇ ವಾಷರ್, ಮುಚ್ಚಳ ಬಿಡಿಯಾಗಿ ಮಾರಿ. ತಿರುಪಿನ ಅಳತೆಯನ್ನು ಮಾಡೆಲ್ಲಿಗೊಂದರಂತೆ ಬದಲಿಸಬೇಡಿ. ಬಿಡಿ ಮುಚ್ಚಳಕ್ಕೆ ನೂರು ರೂಪಾಯಿ ಆದರೂ ನಾವು ಕೊಡುತ್ತೇವೆ. ಕೆಲವು ಕಂಪನಿಗಳು ಈಗಾಗಲೇ ಆನ್‌ಲೈನಿನಲ್ಲಿ ಬಿಡಿ ಮುಚ್ಚಳ ಮಾರುತ್ತಿವೆ, ಆದರೆ ಸಾಗರದಲ್ಲೋ ಸಿಂಧನೂರಿನಲ್ಲೋ ಅಂಗಡಿಗೆ ಹೋಗಿ ಬಾಟಲಿ ತಂದವರಿಗೆ ಅದು ತಲುಪುತ್ತಿಲ್ಲ.

ಅಲ್ಲಿಯವರೆಗೆ ನಾವೇ ಒಬ್ಬರಿಗೊಬ್ಬರು ನೆರವಾಗೋಣ. ನಿಮ್ಮೂರಿನಲ್ಲಿ ಬಾಟಲಿ ವಾಷರ್, ಮುಚ್ಚಳ ಬಿಡಿಯಾಗಿ ಮಾರುವ ಅಂಗಡಿ ಇದ್ದರೆ ಊರು, ಬೀದಿ ಎರಡನ್ನೂ ಕೆಳಗೆ ಬರೆಯಿರಿ. ಜಿಲ್ಲಾವಾರು ಪಟ್ಟಿ ಮಾಡಿ ಇದೇ ಪೋಸ್ಟಿಗೆ ಸೇರಿಸುತ್ತೇನೆ. ಅಂಗಡಿಗೆ ಹೋಗುವಾಗ ಹಳೆ ವಾಷರನ್ನು ಜೊತೆಗೆ ಒಯ್ಯಿರಿ, ಅಳತೆ ಬಾಯಲ್ಲಿ ಹೇಳಿದರೆ ಯಾರಿಗೂ ತಿಳಿಯುವುದಿಲ್ಲ.