ಅವಸರವಿಲ್ಲದ ಕೋಡಿಂಗು

ಕೋಡಿಂಗ್ ಕಲಿಸುವವರಿಗೆಲ್ಲ ಯಾಕಿಷ್ಟು ಅವಸರವೋ! 30 ದಿನದಲ್ಲಿ ವೆಬ್ ಡೆವಲಪರ್ ಆಗಿ, ಶನಿವಾರ ಭಾನುವಾರದಲ್ಲಿ ಜಾವಾಸ್ಕ್ರಿಪ್ಟ್ ಮುಗಿಸಿ ಅಂತ ಯೂಟ್ಯೂಬ್ ತುಂಬ ಕೂಗುತ್ತಿರುತ್ತಾರೆ. ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಯಾವ 30 ದಿನ ಅಂತ ಹಿಡಿಯುವುದು? ಅಡಿಕೆಯ ಕೊನೆಕೊಯ್ಲು ಶುರುವಾದರೆ ಸುಲಿಯೋದು, ಬೇಯಿಸೋದು, ಒಣಗಿಸೋದು. ಲ್ಯಾಪ್‌ಟಾಪ್ ಇರಲಿ, ಊಟಕ್ಕೂ ನೆಟ್ಟಗೆ ಪುರುಸೊತ್ತಿಲ್ಲ.

ಹಾಗಾಗಿ ನನ್ನ ಕಲಿಕೆಯ ಕಾಲ ಮಳೆಗಾಲ. ಎಲ್ಲೋ ಮರ ಬಿದ್ದು ಲೈನ್ ಹೋಗುತ್ತದೆ, ಹಿಂದೆಯೇ ಟವರ್ರೂ ಹೋಗುತ್ತದೆ. ನೆಟ್ ಇಲ್ಲದೆ ಕೋಡಿಂಗ್ ಹೇಗೆ ಅಂತ ಬೆಂಗಳೂರಿನ ಹುಡುಗರು ಕೇಳುತ್ತಾರೆ. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ಗೆ ನೆಟ್ ಯಾಕೆ ಬೇಕು? ನೋಟ್‌ಪ್ಯಾಡಿನಲ್ಲಿ ಬರೆದು, ಸೇವ್ ಮಾಡಿ, ಬ್ರೌಸರಿನಲ್ಲಿ ತೆರೆದರೆ ಆಯಿತು. ಬ್ಯಾಟರಿ ಇರುವಷ್ಟು ಹೊತ್ತು ಪಾಠ, ಮುಗಿದ ಮೇಲೆ ಹಪ್ಪಳ ಸುಡುವ ಕೆಲಸ.

ಬಿ.ಕಾಂ ಓದುವಾಗ ಶಿವಮೊಗ್ಗದ ದುರ್ಗಿಗುಡಿ ಹತ್ತಿರ ಒಂದು ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. ಅಲ್ಲಿ ಕಲಿಸಿದ್ದು ಟ್ಯಾಗುಗಳು, ಅಂದರೆ ಯಾವುದನ್ನು ಹೇಗೆ ತೋರಿಸಬೇಕು ಅಂತ ಬ್ರೌಸರಿಗೆ ಹೇಳುವ ಗುರುತುಗಳು. ಫಾಂಟ್ ಟ್ಯಾಗು, ಸೆಂಟರ್ ಟ್ಯಾಗು, ಟೇಬಲ್ಲಿನೊಳಗೆ ಟೇಬಲ್ಲು. ಎಲ್ಲಕ್ಕಿಂತ ಇಷ್ಟವಾಗಿದ್ದು ಮಾರ್ಕ್ವೀ. ಅಕ್ಷರಗಳು ಬಸ್‌ಸ್ಟ್ಯಾಂಡಿನ ಬೋರ್ಡಿನಲ್ಲಿ ಓಡಿದ ಹಾಗೆ ಓಡುತ್ತಿದ್ದವು. ಆಮೇಲೆ ಮದುವೆ, ಮನೆ, ತೋಟ. ಈಗ ಮತ್ತೆ ಕೂತಾಗ, ಆ ಕಾಲದ್ದೆಲ್ಲ ಕಸದ ಬುಟ್ಟಿ ಸೇರಿರುತ್ತದೆ ಅಂದುಕೊಂಡಿದ್ದೆ. ಎಂಥದೂ ಇಲ್ಲ. ಮಾರ್ಕ್ವೀ ಬಳಸಬೇಡಿ ಅಂತ ಎಲ್ಲ ಕಡೆ ಬರೆದಿದ್ದಾರೆ. ಹಾಕಿದರೆ ಇವತ್ತಿಗೂ ಓಡುತ್ತದೆ!

ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ 1991ರಲ್ಲಿ ಲೋಕಕ್ಕೆ ತೋರಿಸಿದ ಮೊದಲ ವೆಬ್‌ಸೈಟಿನ ಹಳೇ ಪ್ರತಿಯೊಂದನ್ನು ಅವರು ಕೆಲಸ ಮಾಡುತ್ತಿದ್ದ ಸರ್ನ್ ಎಂಬ ವಿಜ್ಞಾನ ಸಂಸ್ಥೆ ಇನ್ನೂ ಇಟ್ಟುಕೊಂಡಿದೆ. ನನ್ನ ಫೋನಿನಲ್ಲಿ ಸಲೀಸಾಗಿ ತೆರೆಯಿತು. ಬಣ್ಣವಿಲ್ಲ, ಚಿತ್ರವಿಲ್ಲ, ಬರೀ ಮಾತು ಮತ್ತು ಲಿಂಕು. ಗೊತ್ತಿಲ್ಲದ ಟ್ಯಾಗು ಸಿಕ್ಕರೆ ಬ್ರೌಸರ್ ರಂಪ ಮಾಡುವುದಿಲ್ಲ. ಒಳಗಿನ ಮಾತನ್ನು ತೋರಿಸಿ ಸುಮ್ನೆ ಮುಂದೆ ಹೋಗುತ್ತದೆ. ನನ್ನಂಥ ನಿಧಾನದವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಬೇಕಾ?

ಪುಟ ನಮ್ಮ ಕ್ಲಿಕ್ಕಿಗೆ ಓಗೊಡುವ ಹಾಗೆ ಮಾಡುವ ಜಾವಾಸ್ಕ್ರಿಪ್ಟ್ ಭಾಷೆ ಬೇರೆ ಜಾತಿ. 1995ರಲ್ಲಿ ಬ್ರೆಂಡನ್ ಐಕ್ ಎಂಬ ಪ್ರೋಗ್ರಾಮರ್ ಅದರ ಮೊದಲ ರೂಪವನ್ನು ಹತ್ತೇ ದಿನದಲ್ಲಿ ಮಾಡಿ ಮುಗಿಸಿದ್ದರಂತೆ. ಆ ಅವಸರದ ಗುರುತು ಇನ್ನೂ ಹೋಗಿಲ್ಲ. 'ನಲ್' ಅಂದರೆ ಏನೂ ಇಲ್ಲ ಅಂತ. ಅದು ಯಾವ ಬಗೆಯದು ಅಂತ ಕೇಳಿ ನೋಡಿ, 'ಆಬ್ಜೆಕ್ಟ್', ಅಂದರೆ ವಸ್ತು, ಅನ್ನುತ್ತದೆ. ತಪ್ಪು ಅಂತ ಎಲ್ಲರಿಗೂ ಗೊತ್ತು. ಸರಿಮಾಡಿದರೆ ಅದನ್ನೇ ನಂಬಿಕೊಂಡ ಹಳೇ ಪುಟಗಳು ಕೆಡುತ್ತವೆ ಅಂತ ಹಾಗೇ ಬಿಟ್ಟಿದ್ದಾರೆ. ಹತ್ತು ದಿನದ ಗಡಿಬಿಡಿಯನ್ನು ಇಡೀ ಜಗತ್ತು ಇಷ್ಟು ವರ್ಷದಿಂದ ಸಹಿಸಿಕೊಂಡಿದೆ. 30 ದಿನದವರು ಇದನ್ನು ಮಾತ್ರ ಹೇಳುವುದಿಲ್ಲ.

ಜಾವಾಸ್ಕ್ರಿಪ್ಟಿನ ಲೆಕ್ಕವೂ ಒಂಥರಾ. 'ಶಿವಮೊಗ್ಗ' ಅಂತ ಬರೆದು ಉದ್ದ ಎಷ್ಟು ಅಂತ ಕೇಳಿದರೆ 8 ಅನ್ನುತ್ತದೆ. ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ ಅಲ್ವಾ? ಯೂನಿಕೋಡ್ ಅಂದರೆ ಕಂಪ್ಯೂಟರಿಗಾಗಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಪದ್ಧತಿ. ಅದರಲ್ಲಿ ಗುಡಿಸು, ಓತ್ವಗಳಿಗೆ ಬೇರೆ ಬೇರೆ ಸಂಖ್ಯೆ, ಒತ್ತಕ್ಷರವೋ ಅರ್ಧಾಕ್ಷರದ ಗುರುತು ಮತ್ತು ಇನ್ನೊಂದು ಅಕ್ಷರ ಅಂತ ಎರಡಾಗಿ ಲೆಕ್ಕ. ಕ್ಲಾಸಿನಲ್ಲಿ ಇಂಗ್ಲಿಷ್ ಪುಟ ಮಾತ್ರ ಮಾಡುತ್ತಿದ್ದರಿಂದ ಇದ್ಯಾವುದೂ ಎದುರಾಗಿರಲಿಲ್ಲ. ಸಾಲಿನ ಅಂತರವೂ ಹಾಗೆಯೇ. ಇಂಗ್ಲಿಷಿಗೆ ಸಾಕಾಗುವ ಲೈನ್-ಹೈಟ್ ಕನ್ನಡಕ್ಕೆ ಕೊಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗಟ್ಟಿಗೆ ತಾಗುತ್ತದೆ. ನಾನು ಅಕ್ಷರದ ಗಾತ್ರದ 1.8 ಪಟ್ಟು ಇಟ್ಟುಕೊಂಡಿದ್ದೇನೆ. ಜಾಸ್ತಿಯಾಯಿತು ಅನ್ನುವವರು ಕನ್ನಡಕ ಹಾಕಿಕೊಳ್ಳದವರು.

"ಇದು ಕಲ್ತು ಎಂತ ಮಾಡ್ತೀಯೆ ಮಾರಾಯ್ತಿ?" ಅಂತ ಅತ್ತೆ ಕೇಳುತ್ತಲೇ ಇದ್ದರು. ಉತ್ತರ ಹೊಳೆಯದೆ, ಅವರ ತಂಬುಳಿಗಳನ್ನೇ ಒಂದು ಪುಟ ಮಾಡಲು ಕೂತೆ. ಶುಂಠಿ, ದೊಡ್ಡಪತ್ರೆ, ಮೆಂತ್ಯ, ಒಂದೆಲಗ. ಪಟ್ಟಿಯ ನಂಬರಿಗೆ, ಪುಟದ ಅಂದಚೆಂದ ನೋಡಿಕೊಳ್ಳುವ ಸಿಎಸ್‌ಎಸ್‌ನಲ್ಲಿ 'ಕನ್ನಡ' ಅಂತಲೇ ಒಂದು ಬಗೆ ಇದೆ. ಹಾಕಿದ ಕೂಡಲೇ 1, 2, 3 ಹೋಗಿ ೧, ೨, ೩ ಬಂತು. ಎಲ್ಲೋ ದೂರದಲ್ಲಿ ಕೂತು ಇದನ್ನು ಸೇರಿಸಿದವರಿಗೆ ಒಂದು ಲೋಟ ತಂಬುಳಿ ಕೊಡಬೇಕು ಅನ್ನಿಸಿತು.

ಅತ್ತೆ ಲ್ಯಾಪ್‌ಟಾಪಿನ ಹತ್ತಿರ ಮುಖ ತಂದು ಓದಿದರು. "ಒಂದೆಲಗದ್ದು ಕಡೆಗೆ ಹಾಕಿದ್ದು ಎಂತಕ್ಕೆ? ಮೇಲೆ ತಾ." ಆ ಸಾಲನ್ನು ಮೇಲಕ್ಕೆ ತಂದು ರಿಫ್ರೆಶ್ ಮಾಡಿದೆ. ನಂಬರುಗಳು ತಾವಾಗಿಯೇ ಬದಲಾದವು. ಅವರು ಸ್ವಲ್ಪ ಹೊತ್ತು ನೋಡಿದರು. "ಹೌದನ? ಹಂಗಾರೆ ಮೆಂತ್ಯದ್ದು ಎರಡನೇದು ಮಾಡು. ಶುಂಠಿಯಲ್ಲಿ ಮಜ್ಜಿಗೆ ಬರೀಲೇ ಇಲ್ಲ ನೀನು. ಮತ್ತೆ ಉಪ್ಪಿನಕಾಯಿಗೆ ಬೇರೆ ಪುಟ."